ಬೆಣ್ಣೆಯಂತೆ ತಿರುಗುವ ಸ್ಟೇರಿಂಗ್

ಚಿರಂಜೀವಿ ಪುಟ್ಟನಿಗೆ, ಮಾವನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಟ್ರೇಲರ್ ಕಟ್ಟಿದರೆ ಪಿಕಪ್ಪಿನ ಹಿಂಭಾಗ ಕೂತುಬಿಡುತ್ತೆ ಅಂತ ಎರಡು ಪುಟ ಬರೆದಿದ್ದೀಯ. ಅದಕ್ಕೆ ನನಗೆ ಗಾಬರಿಯಾಗಲಿಲ್ಲ. ಕೊನೆಯಲ್ಲಿ, ಮರೆತದ್ದನ್ನು ಸೇರಿಸಿದ ಹಾಗೆ, ‘ಆದರೆ ಸ್ಟೇರಿಂಗ್ ಮಾತ್ರ ಬೆಣ್ಣೆ ತರ ತಿರುಗುತ್ತೆ ಮಾವ’ ಅಂತ ಒಂದು ಸಾಲು ಇದೆಯಲ್ಲ, ಅದು ಎದೆಗೆ ಚುಚ್ಚಿತು. ಅದು ಗಾಡಿ ಚೆನ್ನಾಗಿರುವ ಲಕ್ಷಣ ಅಲ್ಲ ಕಣೋ. ಮುಂದಿನ ಚಕ್ರಗಳು ನೆಲವನ್ನು ಬೇಕಾದಷ್ಟು ಒತ್ತುತ್ತಿಲ್ಲ ಅಂತ ಅರ್ಥ. ತಿರುವಿನಲ್ಲಿ ಗಾಡಿ ನಂಬುವುದು ಅವೆರಡನ್ನೇ. ಬ್ರೇಕ್ ಹಿಡಿದಾಗ ಹೆಚ್ಚಿನ ಕೆಲಸ ಬೀಳುವುದೂ ಅವಕ್ಕೇ.

ಒಂದು ಲೆಕ್ಕ ಹಾಕು. ಟ್ರೇಲರ್ 2000 ಕಿಲೋ, ಗಾಡಿಯ ಹಿಂದೆ ಟ್ರೇಲರ್ ಕೊಂಡಿ ಕೂರುವ ಗುಂಡು ಇದೆಯಲ್ಲ, ಆ ಬಾಲ್ ಮೇಲೆ ಬೀಳುವ ಭಾರ 240 ಕಿಲೋ ಅಂದುಕೋ. ಪಿಕಪ್ಪಿನ ಎರಡು ಆಕ್ಸಲ್‌ಗಳ ನಡುವೆ 3.2 ಮೀಟರ್, ಹಿಂದಿನ ಆಕ್ಸಲ್‌ನಿಂದ ಬಾಲ್‌ಗೆ 1.25 ಮೀಟರ್. ಹಿಂದಿನ ಆಕ್ಸಲ್ಲೇ ಇಲ್ಲಿ ಸನ್ನೆಗೋಲಿನ ಆನಿಕೆ. 240ನ್ನು 1.25ರಿಂದ ಗುಣಿಸಿ 3.2ರಿಂದ ಭಾಗಿಸಿದರೆ ಸುಮಾರು 94. ಅಷ್ಟು ಕಿಲೋ ಮುಂದಿನ ಚಕ್ರಗಳಿಂದ ಎದ್ದು ಹಿಂದಕ್ಕೆ ಹೋಯಿತು. ಹಿಂದಿನ ಆಕ್ಸಲ್ ಹೆಚ್ಚಿಗೆ ಹೊರುತ್ತಿರುವುದು ನೀನಂದುಕೊಂಡ 240 ಅಲ್ಲ, 334.

ಹಿಂದಿನ ಸ್ಪ್ರಿಂಗಿಗೆ ಆಸರೆಯಾಗಿ ಗಾಳಿ ತುಂಬುವ ಏರ್‌ಬ್ಯಾಗ್ ಹಾಕಿಸಿದರೆ ಎಲ್ಲ ಸರಿಹೋಗುತ್ತೆ ಅಂತ ಬರೆದಿದ್ದೀಯ. ಹಿಂಭಾಗ ಏಳುತ್ತೆ, ನಿಜ. ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುವುದೂ ನಿಲ್ಲುತ್ತೆ. ಆದರೆ ಆ 94 ಕಿಲೋ ಮುಂದಕ್ಕೆ ವಾಪಸು ಬರುವುದಿಲ್ಲ. ಗಾಡಿ ಮಟ್ಟವಾಗಿ ಕಾಣುತ್ತೆ, ಸ್ಟೇರಿಂಗ್ ಹಗುರವಾಗಿಯೇ ಉಳಿಯುತ್ತೆ. ಕಣ್ಣಿಗೆ ಕಾಣುತ್ತಿದ್ದ ಒಂದು ಎಚ್ಚರಿಕೆಯೂ ಹೋಯಿತು. ಹಿಂಭಾಗದ ಎತ್ತರ ಒಂದನ್ನೇ ನೋಡಿ ಕೈತೊಳೆದುಕೊಂಡವರಲ್ಲಿ ನಾನೂ ಒಬ್ಬ, ಬಹಳ ವರ್ಷ. ನಿನಗೆ ಬೋಲ್ಟ್ ಬಿಗಿಯೋದು ಕಲಿಸಿದೆ, ತೂಗೋದು ಕಲಿಸಲಿಲ್ಲ. ಆ ತಪ್ಪು ನನ್ನದೇ.

ಬೈಯುತ್ತಿದ್ದೇನೆ ಅಂದುಕೋಬೇಡ. ಮೊದಲು ಟ್ರೇಲರ್ ಬಿಚ್ಚಿ, ಖಾಲಿ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರದ ಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪು ಹಿಡಿ. ಖಾಲಿ ಇರುವಾಗ ಪಿಕಪ್ಪಿನ ಹಿಂಭಾಗ ಸಾಮಾನ್ಯವಾಗಿ ತುಸು ಎತ್ತರದಲ್ಲೇ ಇರುತ್ತೆ. ಖಾಲಿಯಿದ್ದೂ ಕೂತಿದ್ದರೆ ಕಮಾನ್ ಪಟ್ಟಿಗಳು, ಅಂದರೆ ಹಿಂದಿನ ಸ್ಪ್ರಿಂಗಿನ ಉಕ್ಕಿನ ಪಟ್ಟಿಗಳು, ಸೋತಿವೆ. ಒಂದೇ ಪಕ್ಕ ತಗ್ಗಿದ್ದರೆ ಪಟ್ಟಿ ಮುರಿದಿರಬಹುದು. ಪಟ್ಟಿಗಳನ್ನು ಆಕ್ಸಲ್ಲಿಗೆ ಯು-ಬೋಲ್ಟ್ ಹಿಡಿದಿರುವ ಕಡೆ, ಸೆಂಟರ್ ಬೋಲ್ಟಿನ ತೂತಿನ ಹತ್ತಿರ ಟಾರ್ಚು ಬಿಟ್ಟು ನೋಡು; ಬಿರುಕಿನ ಗುಂಟ ತುಕ್ಕಿನ ಸಣ್ಣ ಗೆರೆ ಇಳಿದಿರುತ್ತೆ. ಆಕ್ಸಲ್ ತೀರಾ ಮೇಲೇರದಂತೆ ತಡೆಯುವ ಬಂಪ್ ಸ್ಟಾಪಿನ ರಬ್ಬರ್ ಮುಖ ಉಜ್ಜಿ ನುಣುಪಾಗಿದ್ದರೆ ಆಕ್ಸಲ್ ಅದಕ್ಕೆ ಬಡಿಯುತ್ತಿದೆ.

ಪಟ್ಟಿ ಸೋತಿದ್ದರೆ ಇಡೀ ಸೆಟ್ಟು ಬದಲಿಸು, ಎರಡೂ ಪಕ್ಕ. ಒಂದು ಪಟ್ಟಿ ಹೆಚ್ಚಿಗೆ ಸೇರಿಸುವುದಾದರೆ ಉದ್ದದ್ದನ್ನೇ ಸೇರಿಸು. ಗಿಡ್ಡದ್ದು ತುದಿಯಲ್ಲಿ ಒತ್ತಿ ಒತ್ತಿ ಮೇಲಿನ ಪಟ್ಟಿಯನ್ನು ಅಲ್ಲೇ ದಣಿಸುತ್ತೆ. ಯು-ಬೋಲ್ಟ್ ಹೊಸದೇ ಇರಲಿ, ಹಳೆಯದು ಒಮ್ಮೆ ಹಿಗ್ಗಿರುತ್ತೆ. ನಟ್ಟುಗಳನ್ನು ಎದುರು ಮೂಲೆಯ ಸರದಿಯಲ್ಲಿ ಬಿಗಿ, ನೂರಾರು ಕಿಲೋಮೀಟರ್ ಓಡಿದ ಮೇಲೆ ಟಾರ್ಕ್ ವ್ರೆಂಚ್‌ನಲ್ಲಿ ಮತ್ತೊಮ್ಮೆ ನೋಡು. ಪಟ್ಟಿಯ ತುದಿಯನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್ಲಿನ ಬೋಲ್ಟನ್ನು ಚಕ್ರ ನೆಲಕ್ಕೆ ಕೂತ ಮೇಲೇ ಬಿಗಿಯಬೇಕು, ಇಲ್ಲದಿದ್ದರೆ ರಬ್ಬರ್ ಬುಷ್ ತಿರುಚಿಕೊಂಡೇ ಬಾಳಿ ಬೇಗ ಹರಿಯುತ್ತೆ. ಶಾಕ್ ಅಬ್ಸಾರ್ಬರ್ ಬದಲಿಸಿದರೆ ಎತ್ತರ ಬರುತ್ತೆ ಅಂತ ಯಾರಾದರೂ ಹೇಳಿದರೆ ನಕ್ಕು ಬಂದುಬಿಡು. ಅದು ಕುಲುಕು ತಡೆಯುತ್ತೆ, ಭಾರ ಹೊರುವುದಿಲ್ಲ. ಇದು ಯಾವುದನ್ನು ಮಾಡಿದರೂ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿರುವ ಭಾರದ ಮಿತಿ ಒಂದು ಕಿಲೋನೂ ಏರುವುದಿಲ್ಲ.

ಮತ್ತೆ ಅದೇ ಸ್ಟೇರಿಂಗಿಗೆ ಬರುತ್ತೇನೆ, ಬೇಜಾರಾಗಬೇಡ. ಬಾಲ್ ಮೇಲಿನ ಭಾರ ಎಷ್ಟು ಅಂತ ನೀನು ತೂಗಿಲ್ಲ. ಗಟ್ಟಿ ತೊಲೆ ತಗೋ. ಒಂದು ತುದಿ ಇಟ್ಟಿಗೆಯ ಮೇಲೆ, ಇನ್ನೊಂದು ತುದಿ ಮನೆಯ ತೂಕದ ಯಂತ್ರದ ಮೇಲೆ. ಇಟ್ಟಿಗೆಯಿಂದ ಒಂದು ಪಾಲು, ಯಂತ್ರದಿಂದ ಎರಡು ಪಾಲು ದೂರದಲ್ಲಿ ಟ್ರೇಲರ್ ಮೂತಿಯನ್ನು, ಅಂದರೆ ಬಾಲ್ ಮೇಲೆ ಕೂರುವ ತುದಿಯನ್ನು, ಇಳಿಸು. ಚಕ್ರಕ್ಕೆ ಅಡ್ಡ ಕೊಟ್ಟಿರಬೇಕು, ತೊಲೆ ಮಟ್ಟವಾಗಿರಬೇಕು. ಬಂದ ಅಂಕಿಯನ್ನು ಮೂರರಿಂದ ಗುಣಿಸು. ಯಂತ್ರ 80 ತೋರಿಸಿದರೆ 240. ತೊಲೆಯ ತೂಕವನ್ನು ಮೊದಲೇ ಕಳೆ. ಒಟ್ಟು ಟ್ರೇಲರ್ ತೂಕದ ನೂರಕ್ಕೆ 10ರಿಂದ 15 ಇದ್ದರೆ ಸರಿ. ಹಿಂಭಾಗ ಏಳಲಿ ಅಂತ ಸಾಮಾನನ್ನೆಲ್ಲ ಟ್ರೇಲರಿನ ಹಿಂತುದಿಗೆ ತಳ್ಳಬೇಡ. ಗಾಡಿ ಎದ್ದು ನಿಲ್ಲುತ್ತೆ, ಸ್ಟೇರಿಂಗಿಗೂ ಭಾರ ಬರುತ್ತೆ, ಆದರೆ 10ಕ್ಕಿಂತ ಕೆಳಗಿಳಿದರೆ ವೇಗದಲ್ಲಿ ಟ್ರೇಲರ್ ಹಾವಿನ ಹಾಗೆ ಹೊಯ್ದಾಡುತ್ತೆ. ಅದು ಇನ್ನೂ ಕೆಟ್ಟದ್ದು.

ಮುಂದಿನ ಚಕ್ರಕ್ಕೆ ಭಾರ ಮರಳಿಸುವುದು ಭಾರ ಹಂಚುವ ಹಿಚ್ (ಗಾಡಿಗೂ ಟ್ರೇಲರಿಗೂ ನಡುವಿನ ಕೊಂಡಿ), ಆ ಸ್ಪ್ರಿಂಗ್ ಬಾರ್ ಇರುವಂಥದ್ದು. ಗಾಡಿಯ ಹಿಂದೆ ಹಿಚ್ ಕೂರುವ ರಿಸೀವರೂ ಟ್ರೇಲರೂ ಅದಕ್ಕೆ ಒಪ್ಪುತ್ತವೆಯೇ ಅಂತ ಕೈಪಿಡಿಯಲ್ಲಿ ನೋಡಿಕೋ. ಮುಂದಿನ ಮಡ್‌ಗಾರ್ಡ್ ಎತ್ತರ ಟ್ರೇಲರ್ ಇಲ್ಲದೆ 900 ಮಿಲಿಮೀಟರ್, ಕಟ್ಟಿದ ಮೇಲೆ 924 ಅಂದರೆ ಬಾರ್ ಬಿಗಿದು ಕಡೇಪಕ್ಷ 912ಕ್ಕೆ ಇಳಿಸು. ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯೇ ಸರಿ. 900ಕ್ಕಿಂತ ಕೆಳಗೆ ಮಾತ್ರ ಬೇಡ, ಆಗ ಹಿಂದಿನ ಚಕ್ರ ಜಾರಿ ಗಾಡಿ ಟ್ರೇಲರ್ ಎರಡೂ ಮಡಚಿಕೊಳ್ಳುತ್ತವೆ.

ಇಷ್ಟಾದ ಮೇಲೂ ಏರ್‌ಬ್ಯಾಗ್ ಬೇಕೆನಿಸಿದರೆ ಹಾಕಿಸು, ಬೇಡ ಅನ್ನುವುದಿಲ್ಲ. ಎರಡಕ್ಕೂ ಬೇರೆ ಬೇರೆ ಪೈಪು ಇರಲಿ. ಒಂದೇ ಪೈಪಾದರೆ ತಿರುವಿನಲ್ಲಿ ಗಾಳಿ ಒತ್ತಿದ ಕಡೆಯಿಂದ ಆಚೆ ಓಡಿ ಗಾಡಿ ಇನ್ನಷ್ಟು ವಾಲುತ್ತೆ. ಬಾರ್ ಹೊಂದಿಸುವಾಗ ಬ್ಯಾಗಿನಲ್ಲಿ ಕನಿಷ್ಠ ಗಾಳಿ ಮಾತ್ರ ಇರಲಿ, ಸಾಮಾನ್ಯವಾಗಿ 5 ಪಿಎಸ್‌ಐ. ಆಮೇಲೆ ಬೇಕಾದಷ್ಟು ತುಂಬಿ ಮುಂದಿನ ಎತ್ತರವನ್ನು ಮತ್ತೆ ಅಳೆ. ಪೂರ್ತಿ ಖಾಲಿ ಮಾಡಿ ಓಡಿಸಿದರೆ ಬ್ಯಾಗು ಸುಕ್ಕಾಗಿ ಸವೆಯುತ್ತೆ.

ಮೂತಿಯ ತೂಕ ಎಷ್ಟು ಬಂತು, ಮುಂದಿನ ಎತ್ತರ ಎಷ್ಟು ಮಿಲಿಮೀಟರ್ ಎದ್ದಿತು, ಎರಡನ್ನೂ ಬರೆದು ಕಳಿಸು. ಅಲ್ಲಿಯವರೆಗೆ ಟ್ರೇಲರ್ ಕಟ್ಟಬೇಡ ಅಂದರೆ ನೀನು ಕೇಳುವವನಲ್ಲ. ಕಟ್ಟಲೇಬೇಕಾದರೆ ಅರ್ಧ ಸಾಮಾನು ಹಾಕು, ನಿಧಾನ ಹೋಗು, ಸ್ಟೇರಿಂಗ್ ಹಗುರಾಯಿತು ಅನ್ನಿಸಿದ ಕೂಡಲೇ ಪಕ್ಕಕ್ಕೆ ಹಾಕು.

ಇಂತಿ,
ನಿನ್ನ ಮಾವ