ಜೂನ್‌ನಿಂದ ಪೆಟ್ಟಿಗೆಯ ಜೊತೆ ಒಂದು ಶನಿವಾರವೂ ಬೇಕು

ಪ್ರಿಯ ಮುಖ್ಯ ಗುರುಗಳೇ, ಗಣಿತ-ವಿಜ್ಞಾನದ ಶಿಕ್ಷಕ ಬಂಧುಗಳೇ,

ನಮಸ್ಕಾರ. ಲೆನ್ಸ್‌ನಂಥ ಪ್ರಯೋಗದ ಸಾಮಾನು, ಚಟುವಟಿಕೆ ಕಾರ್ಡು ಇರುವ ನಮ್ಮ ಶಿಕ್ಷಕರ ಸಂಘದ ಗಣಿತ-ವಿಜ್ಞಾನ ಪೆಟ್ಟಿಗೆಯನ್ನು ಜೂನ್‌ನಿಂದ ಬರೀ ಪಾರ್ಸೆಲ್ ಮಾಡಿ ಕಳಿಸುವುದಿಲ್ಲ. ಶಾಲೆಯಿಂದ ಒಬ್ಬ ಶಿಕ್ಷಕರು ಒಂದು ಶನಿವಾರ ಮಧ್ಯಾಹ್ನ ಬಂದು, ನಮ್ಮ ಜೊತೆ ಕೂತು, ಎಲ್ಲ ಸಾಮಾನು ಮಾಡಿ ನೋಡಿ ಒಯ್ಯಬೇಕು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಕಡೆ ಸೇರುತ್ತೇವೆ, ಹತ್ತಿರದ ಊರಿಗೆ ಬನ್ನಿ. ಬೆಲೆಯೂ 200 ರೂಪಾಯಿ ಏರುತ್ತದೆ. ಶಾಲೆ ಶುರುವಾಗುವ ಹೊತ್ತಿಗೆ ಈ ತೊಂದರೆ ಕೊಡುತ್ತಿದ್ದೇವೆ, ಕ್ಷಮೆ ಇರಲಿ.

"ಮಾಸ್ತರುಗಳು ಅಂಗಡಿ ಇಟ್ಟು ಲಾಭ ಹೊಡೀತಾರೆ" ಎಂಬ ಮಾತು ನಮ್ಮ ಕಿವಿಗೂ ಬಿದ್ದಿದೆ. ನೋವಾಗಿದೆ. ಖರ್ಚು ಬರುವುದು ಚಟುವಟಿಕೆ ಕಾರ್ಡುಗಳಿಗೆ. ನಮ್ಮ ಭಾಗದಲ್ಲಿ ಕನ್ನಡ ಶಾಲೆಗಳಷ್ಟೇ ಇಲ್ಲ. ಖಾನಾಪುರ, ಅಥಣಿ ಕಡೆ ಮರಾಠಿ ಶಾಲೆಗಳಿವೆ, ವಿಜಯಪುರದಲ್ಲಿ ಉರ್ದು ಶಾಲೆಗಳಿವೆ. ಮೂರೂ ಭಾಷೆಯಲ್ಲಿ ಅಚ್ಚು ಹಾಕಿಸುತ್ತೇವೆ. ಪ್ರೆಸ್ಸಿನಲ್ಲಿ ನೂರು ಪ್ರತಿಗೂ ಸಾವಿರ ಪ್ರತಿಗೂ ಪ್ಲೇಟಿನ ಖರ್ಚು ಅಷ್ಟೇ. ಕಡಿಮೆ ಪ್ರತಿ ಬೇಕಾದ ಭಾಷೆಗೆ ಒಂದೊಂದು ಕಾರ್ಡಿನ ಖರ್ಚು ಜಾಸ್ತಿ ಬೀಳುತ್ತದೆ. ಆ ಹೊರೆಯನ್ನು ಆ ಮಕ್ಕಳ ಮೇಲೆಯೇ ಹಾಕಲು ನಮಗೆ ಮನಸ್ಸಿಲ್ಲ, ಎಲ್ಲರ ಬೆಲೆಯಲ್ಲೂ ಹಂಚಿದ್ದೇವೆ. ಕಾರ್ಡು ಬರೆದುಕೊಟ್ಟ ಶಿಕ್ಷಕರು ಒಂದು ರೂಪಾಯಿಯನ್ನೂ ತೆಗೆದುಕೊಂಡಿಲ್ಲ.

ಇನ್ನು ಎಲ್ಲರೂ ಕೇಳುವ ಮಾತು: "ಪೆಟ್ಟಿಗೆ ಕಳಿಸಿ ಸಾಕು. ನಾವೂ ಬಿ.ಎಡ್. ಮಾಡಿದವರೇ, ನಮಗೇನು ಕಲಿಸ್ತೀರಿ?" ನಿಮಗೆ ಕಲಿಸುವಷ್ಟು ದೊಡ್ಡವರು ನಾವಲ್ಲ. ಆದರೆ ಎಷ್ಟೋ ಶಾಲೆಗಳಲ್ಲಿ ಪೆಟ್ಟಿಗೆ ಟೇಪ್ ಸಹ ಬಿಚ್ಚದೆ ಕಪಾಟಿನಲ್ಲಿ ಕೂತಿರುವುದನ್ನು ಕಂಡಿದ್ದೇವೆ. ಲೆನ್ಸ್ ಒಡೆದರೆ ಸ್ಟಾಕ್ ರಿಜಿಸ್ಟರ್‌ನಲ್ಲಿ ಏನು ಬರೆಯೋದು ಎಂಬ ಹೆದರಿಕೆ. ಅದು ಸುಳ್ಳು ಹೆದರಿಕೆಯೇನೂ ಅಲ್ಲ. ಒಡೆದದ್ದನ್ನು ಮೊದಲಿನಂತೆ ನಾವೇ ಬದಲಿಸಿ, ಚೀಟಿ ಬರೆದು ಕೊಡುತ್ತೇವೆ. ಆದರೂ ಒಮ್ಮೆ ಲೆನ್ಸ್ ಕೈಯಲ್ಲಿ ಹಿಡಿದು, ಕಿಟಕಿಯಾಚೆಯ ಬೇವಿನ ಮರ ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿದ್ದನ್ನು ನೋಡಿ, ಸ್ಕೇಲ್ ಹಿಡಿದು ಸಂಗಮದೂರ (ಲೆನ್ಸ್‌ನಿಂದ ಆ ಚಿತ್ರದವರೆಗಿನ ದೂರ) ಅಳೆದವರು ಮಕ್ಕಳ ಕೈಗೆ ಅದನ್ನು ಧೈರ್ಯವಾಗಿ ಕೊಡುತ್ತಾರೆ.

ಕೆಲವು ಪ್ರಯೋಗ ಒಂದೇ ಶಾಲೆಯಿಂದ ಆಗುವುದೂ ಇಲ್ಲ. ಒಂದು ಮೀಟರ್ ಕೋಲು ನೆಟ್ಟು ನೆರಳು ಅಳೆಯುವುದನ್ನೇ ನೋಡಿ. ಒಂದೇ ದಿನ ಬೆಳಗಾವಿಯಲ್ಲೂ ವಿಜಯಪುರದಲ್ಲೂ ಅಳೆದರೆ, ನೆರಳು ಎಲ್ಲಕ್ಕಿಂತ ಗಿಡ್ಡ ಆಗುವ ಹೊತ್ತು ವಿಜಯಪುರದಲ್ಲಿ ಸುಮಾರು 5 ನಿಮಿಷ ಮೊದಲೇ ಬರುತ್ತದೆ. ವಿಜಯಪುರ ಬೆಳಗಾವಿಗಿಂತ ಸುಮಾರು 1.2 ಡಿಗ್ರಿ ಪೂರ್ವಕ್ಕಿದೆ, ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಡಿಸೆಂಬರ್ ಕೊನೆಯ ವಾರದ ಹೊತ್ತಿಗೆ ಮಧ್ಯಾಹ್ನದ ನೆರಳು ವಿಜಯಪುರದಲ್ಲಿ ಸುಮಾರು 3 ಸೆಂಟಿಮೀಟರ್ ಹೆಚ್ಚು ಉದ್ದವೂ ಇರುತ್ತದೆ, ಯಾಕಂದ್ರೆ ಅದು ಬೆಳಗಾವಿಗಿಂತ ಉತ್ತರಕ್ಕಿದೆ. ಅಕ್ಷಾಂಶ, ರೇಖಾಂಶ ಎರಡೂ ಮಕ್ಕಳ ಅಳತೆಯಲ್ಲೇ ಸಿಗುತ್ತವೆ. ಇದಕ್ಕೆ ಆ ಊರಿನ ಶಿಕ್ಷಕರ ಪರಿಚಯ ನಿಮಗಿರಬೇಕು ಅಲ್ವಾ? ಪಾರ್ಸೆಲ್‌ನಲ್ಲಿ ಅದನ್ನು ಕಳಿಸಲು ನಮಗೆ ಬರುವುದಿಲ್ಲ.

ಒಬ್ಬರೇ ಶಿಕ್ಷಕರಿರುವ ಶಾಲೆಯವರು ಚಿಂತೆ ಮಾಡಬೇಡಿ. ನಿಮಗೆ ಬರಲು ಆಗದಿದ್ದರೆ ನಮ್ಮಲ್ಲೊಬ್ಬರು ನಿಮ್ಮ ಶಾಲೆಗೇ ಬರುತ್ತೇವೆ, ಬಸ್ ಚಾರ್ಜ್ ಕೇಳುವುದಿಲ್ಲ. ಮೇ ತಿಂಗಳೊಳಗೆ ಹಣ ಕಟ್ಟಿದವರಿಗೆ ಹಳೆಯ ಬೆಲೆಯೇ.

ನಿಮ್ಮ,
ಸಂಘದ ಅಧ್ಯಕ್ಷರು ಮತ್ತು ಸದಸ್ಯ ಶಿಕ್ಷಕರು
ವಿಜಯಪುರ