ಪ್ಯಾಟರ್ನ್‌ಗಳನ್ನು ಸೌದೆಗೆ ಹಾಕಬೇಡಿ: ಕೈಗಾರಿಕಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಎಂಜಿನ್, ಸಾಮಿಲ್ ಯಂತ್ರ ತಯಾರಿಸುತ್ತಿದ್ದ ಸಣ್ಣ ಕಾರ್ಖಾನೆ ಮುಚ್ಚಿ ಹರಾಜಿಗೆ ಬಂದರೆ ಕಬ್ಬಿಣ ತೂಕಕ್ಕೆ ಹೋಗುತ್ತದೆ, ಅಟ್ಟದ ಮೇಲಿನ, ಎರಕದ ಅಚ್ಚು ಮೂಡಿಸಲು ಮರಳಿನಲ್ಲಿ ಒತ್ತುವ ಮರದ ಪ್ಯಾಟರ್ನ್‌ಗಳು ಒಲೆಗೆ. ಆ ಕಾರ್ಖಾನೆಯ ಚರಿತ್ರೆ ಬರೆಯುವವರಿಗೆ ಮೊದಲು ಬೇಕಾಗುವುದು ಆ ಮರವೇ.

ಎರಕದ ಕಬ್ಬಿಣ ತಣಿಯುವಾಗ ಸುಮಾರು ಶೇ 1ರಷ್ಟು ಕುಗ್ಗುತ್ತದೆ. ಅದಕ್ಕೇ ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿ, ಲೇಥಿಗೆ ಬೇಕಾದ ಹೆಚ್ಚುವರಿ ದಪ್ಪ ಬಿಟ್ಟು ಮಾಡಿರುತ್ತಾರೆ. ಅದು ಇಲ್ಲವೆಂದು ಹಳೆಯ ಭಾಗವನ್ನೇ ಮರಳಿನಲ್ಲಿ ಒತ್ತಿ ಎರಕ ಹೊಯ್ದರೆ 600 ಮಿ.ಮೀ. ಫ್ಲೈವೀಲ್ 594ಕ್ಕೆ ಇಳಿಯುತ್ತದೆ. ಕಡೆದು ನಯ ಮಾಡಲು ಲೋಹವೂ ಉಳಿಯುವುದಿಲ್ಲ. ಪ್ಯಾಟರ್ನ್‌ನ ಮೂಲೆಗೆ ಅಂಟಿಸಿದ ಚರ್ಮದ ಪಟ್ಟಿ, ಆಮೇಲೆ ಸೇರಿಸಿದ ಒಂದು ರಿಬ್ಬು (ಬಲ ಕೊಡುವ ಏಣು) ನೋಡಿದರೆ ಸಾಕು, ಮೊದಲ ಎರಕಗಳು ಎಲ್ಲಿ ಬಿರುಕು ಬಿಡುತ್ತಿದ್ದವೆಂದು ಊಹಿಸಬಹುದು. ಕ್ಯಾಟಲಾಗ್‌ಗಳು ಇದನ್ನು ಎಂದೂ ಹೇಳುವುದಿಲ್ಲ.

ಇಂಗ್ಲೆಂಡಿನ ಡರ್ಸ್ಲಿಯ ಲಿಸ್ಟರ್ 6/1 ಡೀಸೆಲ್ ಎಂಜಿನ್ನನ್ನೇ ತೆಗೆದುಕೊಳ್ಳಿ: ಬೋರ್ (ಸಿಲಿಂಡರಿನ ಒಳವ್ಯಾಸ) 114.3, ಸ್ಟ್ರೋಕ್ (ಪಿಸ್ಟನ್ನಿನ ಓಟ) 139.7 ಮಿ.ಮೀ., 650 ಆರ್‌ಪಿಎಂಗೆ 6 ಅಶ್ವಶಕ್ತಿ. ರಾಜ್‌ಕೋಟ್‌ನಲ್ಲಿ ಇದರ ನಕಲುಗಳು ಧಾರಾಳವಾಗಿ ತಯಾರಾದವು. ಹೊರಗಿನಿಂದ ಎಲ್ಲವೂ ಒಂದೇ. ಯಾವುದು ಯಾರ ಎರಕವೆಂದು ತಿಳಿಯಲು ಪ್ಯಾಟರ್ನ್ ಮತ್ತು ಯಂತ್ರ ಸಂಖ್ಯೆಯ ರಿಜಿಸ್ಟರ್ ಬೇಕು.

ಗರಗಸದ ಬೆಂಚಿನ ಪುಲ್ಲಿಗಳನ್ನೂ ಬಿಡಿಬಿಡಿಯಾಗಿ ಮಾರಬಾರದು. 650 ಆರ್‌ಪಿಎಂನ ಎಂಜಿನ್ನಿಗೆ ಒಂದಕ್ಕೆರಡರ ಪುಲ್ಲಿ ಜೋಡಿ ಹಾಕಿದರೆ ಗರಗಸ ನಿಮಿಷಕ್ಕೆ 1300 ಸುತ್ತು ತಿರುಗುತ್ತದೆ, 600 ಮಿ.ಮೀ. ಬ್ಲೇಡಿನ ಹಲ್ಲು ಸೆಕೆಂಡಿಗೆ ಸುಮಾರು 41 ಮೀಟರ್ ಓಡುತ್ತದೆ. ಓಟದ ವೇಗಕ್ಕೆ ತಕ್ಕಂತೆ ಬ್ಲೇಡಿನ ನಡುಭಾಗವನ್ನು ಸುತ್ತಿಗೆಯಿಂದ ಬಡಿದು ಹಿಗ್ಗಿಸಿರುತ್ತಾರೆ. ವೇಗ ತಪ್ಪಿದರೆ ಬ್ಲೇಡು ಅಲುಗುತ್ತದೆ, ಅಂಚು ಕಾಯುತ್ತದೆ, ಹಲಗೆ ಒಂದು ಕಡೆ ದಪ್ಪ ಒಂದು ಕಡೆ ತೆಳು ಬರುತ್ತದೆ. ಪುಲ್ಲಿ ಕಳೆದರೆ ಯಾವ ಎಂಜಿನ್ನಿಗೆ ಯಾವ ಬೆಂಚು ಕೊಟ್ಟಿದ್ದರು ಎಂಬುದೂ ಕಳೆದಂತೆ.

ಆದ್ದರಿಂದ ಹರಾಜಿನ ಟೆಂಡರ್‌ನಲ್ಲೇ ಷರತ್ತು ಹಾಕಿಸಿ. ಬಿಚ್ಚುವ ಮೊದಲು ಪ್ರತಿ ಪ್ಯಾಟರ್ನ್ ಪಕ್ಕ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಬೇಕು. ಕೋರ್ ಬಾಕ್ಸನ್ನು (ಎರಕದೊಳಗಿನ ಟೊಳ್ಳಿಗೆ ಬೇಕಾದ ಮರಳಿನ ತಿರುಳು ಮಾಡುವ ಪೆಟ್ಟಿಗೆ) ಅದರ ಪ್ಯಾಟರ್ನ್‌ನಿಂದ ಬೇರ್ಪಡಿಸಬಾರದು, ಬೇರೆಯಾದರೆ ಜೊತೆ ಹುಡುಕುವುದು ಹೆಚ್ಚುಕಡಿಮೆ ಅಸಾಧ್ಯ. ತಗಡಿನ ಶೆಡ್ಡಿನಲ್ಲಿ ಮರ ಸೊಟ್ಟಗಾಗುತ್ತದೆ, ನೆಲದ ಮೇಲಿಟ್ಟರೆ ಗೆದ್ದಲು. ಮ್ಯೂಸಿಯಂ ಅಂಗಳಕ್ಕೆ ಹೋಗುವ ಎಂಜಿನ್ನಿನ ಜಾಕೆಟ್ಟಿನಲ್ಲಿ (ತಣಿಸುವ ನೀರು ಸುತ್ತುವ ಹೊದಿಕೆ) ಒಂದು ಹನಿ ನೀರೂ ಉಳಿಯಬಾರದು. ದಯವಿಟ್ಟು ನೇಮ್‌ಪ್ಲೇಟಿನ ಮೇಲೆ ಕೆಂಪು ಬಣ್ಣ ಬಳಿಸಬೇಡಿ. ಈ ಚಟ ನಮ್ಮ ಇಲಾಖೆಗಳಿಗೆ ಯಾಕೆ ಬಂತೋ!

ಇತಿ,
ಹಳೆಯ ಎಂಜಿನ್ ದುರಸ್ತಿಗಾರರು