ಅನುದಾನಕ್ಕೆ ಕೈ ಹಾಕಿ, ಮೇಷ್ಟ್ರ ಸಂಬಳಕ್ಕಲ್ಲ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ, ನಮಸ್ಕಾರ.

ತುಮಕೂರು ಜಿಲ್ಲೆ ಮಧುಗಿರಿ ಕಡೆಯಿಂದ ಬರೆಯುತ್ತಿದ್ದೇನೆ. ನನ್ನ ಮಗಳೂ ಶಾಲೆಗೆ ಹೋಗುತ್ತಾಳೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ಮುಚ್ಚಿಡುವ ಶಾಲೆಗಳ ಅನುದಾನ ತಡೆಹಿಡಿಯಿರಿ ಅಂತ ಕೇಳೋದಕ್ಕೆ ಈ ಪತ್ರ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ, ನಡೆಯಬಹುದು ಅಂತ ಅನುಮಾನ ಬಂದರೂ ಸರಿ, ಪೊಲೀಸರಿಗೆ ತಿಳಿಸಲೇಬೇಕು. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಹೇಳುವುದು ಇದನ್ನೇ. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು. ಕೈಕೆಳಗಿನವನು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ 1 ವರ್ಷದವರೆಗೆ.

ಹೆಡ್‌ಮಾಸ್ಟರ್ ರೂಮಿನಲ್ಲಿ ನಡೆಯುವುದೇ ಬೇರೆ. ಬಾಗಿಲು ಮುಂದಕ್ಕೆ ಹಾಕಿ, ಅಪ್ಪ ಅಮ್ಮನಿಗೆ ಟೀ ತರಿಸುತ್ತಾರೆ. "ನಾಳೆ ಮದುವೆ ಆಗ್ಬೇಕಾದ ಹುಡುಗಿ, ಸ್ಟೇಷನ್ನು ಕೋರ್ಟು ಅಂತ ಅಲೀತೀರಾ?" ಅಂತಾರೆ. ಆಡಳಿತ ಮಂಡಳಿಯವರೊಬ್ಬರು ಬಂದು ರಾಜಿ ಮಾಡಿಸುತ್ತಾರೆ. ದೌರ್ಜನ್ಯ ಮಾಡಿದವನು ರಜೆ ಹಾಕಿ ಹೋಗುತ್ತಾನೆ, ಮಗು ಟಿಸಿ ತಗೊಂಡು ಹೋಗುತ್ತದೆ. ಹೊರಗೆ ಗೋಡೆ ಮೇಲೆ ಮಕ್ಕಳ ಸಹಾಯವಾಣಿ 1098 ಅಂತ ದೊಡ್ಡದಾಗಿ ಬರೆಸಿರುತ್ತಾರೆ, ಅದಕ್ಕೆ ಅಡ್ಡವಾಗಿ ಬೈಕುಗಳು ನಿಂತಿರುತ್ತವೆ.

ಜೈಲಿನ ಮಾತಿಗೆ ಹೆದರದ ಆಡಳಿತ ಮಂಡಳಿ ದುಡ್ಡಿನ ಮಾತಿಗೆ ಹೆದರುತ್ತದೆ. ಅಮೆರಿಕದಲ್ಲಿ 1974ರಲ್ಲೇ ಒಂದು ಕಾಯ್ದೆ ಬಂತು. ಇಂಥ ದೂರು ಕಡ್ಡಾಯ ಮಾಡಿದ ರಾಜ್ಯಕ್ಕೆ ಮಾತ್ರ ಮಕ್ಕಳ ರಕ್ಷಣೆಯ ಕೇಂದ್ರ ಅನುದಾನ ಅಂದರು. ನಮ್ಮಲ್ಲಿ ಕಡ್ಡಾಯ ಇದ್ದೇ ಇದೆ, ಅದಕ್ಕೆ ಅನುದಾನದ ಗಂಟು ಹಾಕುವುದಷ್ಟೇ ಬಾಕಿ.

ಆದರೆ ಸುಮ್ನೆ "ಅನುದಾನ ಕಟ್" ಅಂತ ಆದೇಶ ಹೊರಡಿಸಬೇಡಿ. ಅನುದಾನಿತ ಶಾಲೆಗೆ ಬರುವ ದುಡ್ಡಿನಲ್ಲಿ ಜಾಸ್ತಿ ಭಾಗ ಮೇಷ್ಟ್ರುಗಳ ಸಂಬಳ. ಅದನ್ನು ನಿಲ್ಲಿಸಿದರೆ ಬಾಯಿ ಬಿಟ್ಟ ಟೀಚರಿಗೇ ಮೊದಲ ಪೆಟ್ಟು. "ನಿನ್ನಿಂದ ನಮ್ಮೆಲ್ಲರ ಸಂಬಳ ಹೋಯ್ತು" ಅಂತ ಸ್ಟಾಫ್ ರೂಮೇ ತಿರುಗಿ ಬೀಳುತ್ತದೆ. ಆಮೇಲೆ ಯಾರು ಹೇಳುತ್ತಾರೆ? ಸಂಬಳ, ಬಿಸಿಯೂಟ ಮುಟ್ಟಬೇಡಿ. ಆಡಳಿತ ಮಂಡಳಿಯ ಕೈಗೆ ಬರುವ ನಿರ್ವಹಣಾ ಅನುದಾನ, ಹೊಸ ತರಗತಿ ವಿಭಾಗದ ಅನುಮತಿ, ಮಾನ್ಯತೆ ನವೀಕರಣ, ಇವುಗಳನ್ನು ತಡೆಹಿಡಿಯಿರಿ. ಅನುದಾನ ಇಲ್ಲದ ಖಾಸಗಿ ಶಾಲೆಗಳಿಗೂ ಮಾನ್ಯತೆ ಬೇಕಲ್ವಾ?

ಇನ್ನೊಂದು ಮುಖ್ಯ ಮಾತು. ದೂರು ಬಂತು ಅಂತ ದಂಡ ಹಾಕಬೇಡಿ, ಮುಚ್ಚಿಟ್ಟದ್ದಕ್ಕೆ ಹಾಕಿ. ತಾನಾಗಿಯೇ ಪೊಲೀಸರಿಗೆ ತಿಳಿಸಿದ ಶಾಲೆಗೆ ಒಂದು ರೂಪಾಯಿಯೂ ಕಡಿಮೆ ಆಗಬಾರದು. ಈ ವ್ಯತ್ಯಾಸವನ್ನು ಆದೇಶದಲ್ಲೇ ಬಿಡಿಸಿ ಬರೆಯಿರಿ. ಇಲ್ಲದಿದ್ದರೆ ಮುಚ್ಚಿಡುವವರಿಗೆ ಇನ್ನೊಂದು ಕಾರಣ ಸಿಕ್ಕಂತೆ.

ನಮ್ಮ ಜಿಲ್ಲೆಯಲ್ಲಿ ತುಮಕೂರು, ಮಧುಗಿರಿ ಅಂತ ಎರಡು ಶೈಕ್ಷಣಿಕ ಜಿಲ್ಲೆಗಳಿವೆ, ಎರಡು ಡಿಡಿಪಿಐ (ಶಿಕ್ಷಣ ಇಲಾಖೆಯ ಉಪನಿರ್ದೇಶಕರ) ಕಚೇರಿ. ಮೊದಲು ಇಲ್ಲೇ ಜಾರಿ ಮಾಡಿ ನೋಡಿ. ವಿಷಯ ಶಾಲೆಗೆ ಗೊತ್ತಾದ ದಿನ, ಪೊಲೀಸರಿಗೆ ಹೇಳಿದ ದಿನ, ಎರಡನ್ನೂ ಮಗುವಿನ ಹೆಸರಿಲ್ಲದೆ ಆ ಕಚೇರಿಗೆ ಕಳಿಸಲಿ. ಹಾಸ್ಟೆಲ್‌ಗಳಿಗೂ ಇದೇ ನಿಯಮ ಬೇಕು. ಸರ್ಕಾರಿ ಹಾಸ್ಟೆಲ್‌ಗಳು ಬೇರೆ ಇಲಾಖೆಗೆ ಸೇರುತ್ತವೆ, ಗೊತ್ತು. ಆ ಸಚಿವರ ಹತ್ತಿರ ನೀವೇ ಒಂದು ಮಾತು ಹೇಳಿ.

ಇಂತಿ,
ಮಧುಗಿರಿ ತಾಲ್ಲೂಕಿನ ಒಬ್ಬ ಪೋಷಕ